ರಾಗಿ ಚೀಲದ ಮೇಲೆ ಕ್ಯಾಮೆರಾ ಮಲಗಿಸಿ ಭುವನೇಶ್ವರಿ ತೆಗೆದ ಕಥೆ

ಸೋಮನಾಥಪುರದ ಕೇಶವ ದೇವಸ್ಥಾನದ ಒಳಗೆ 16 ಭುವನೇಶ್ವರಿಗಳಿವೆ (ಚಾವಣಿಯ ಒಳಮೈಯಲ್ಲಿ ಕೆತ್ತಿದ ಅಲಂಕಾರ), ಒಂದರ ಹಾಗೆ ಇನ್ನೊಂದಿಲ್ಲ. ಅದರಲ್ಲಿ ಬಾಳೆಮೂತಿ ತಲೆಕೆಳಗಾಗಿ ಇಳಿಬಿದ್ದ ಹಾಗೆ ಕೆತ್ತಿರುವುದನ್ನು ಒಂದು ಸಲವಾದರೂ ಶಾರ್ಪ್ ಆಗಿ ತೆಗೆಯಬೇಕು ಅಂತ ಮೂರು ವರ್ಷದಿಂದ ಹಟ ಹಿಡಿದಿದ್ದೆ. ಕಳೆದ ಡಿಸೆಂಬರ್‌ನಲ್ಲಿ ಆಯಿತು. 20x30 ಇಂಚಿನ ಪ್ರಿಂಟ್ ಹಾಕಿಸಿದೆ. ದಳದ ಅಂಚಿನಲ್ಲಿ ಉಳಿ ಆಡಿರುವ ಗುರುತೂ ಕಾಣುತ್ತದೆ. "ರಾಗಿ ಚೀಲದಲ್ಲಿ ಮುದ್ದೆ ಬರುತ್ತೆ, ಫೋಟೋ ಬರಲ್ಲ ಮಾರಾಯ" ಅಂದಿದ್ದ ಗೆಳೆಯನೇ ಆ ಪ್ರಿಂಟ್ ಮುಂದೆ ಐದು ನಿಮಿಷ ನಿಂತಿದ್ದ.

ಒಳಗೆ ಅನುಮತಿ ಇಲ್ಲದೆ ಟ್ರೈಪಾಡ್ ಬಿಚ್ಚುವ ಹಾಗಿಲ್ಲ, ಗೊತ್ತಲ್ವಾ. ಮೊದಲು ಕೈಯಲ್ಲೇ ಹಿಡಿದು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ಕ್ಕೆ ಏರಿಸಿ ತೆಗೆದೆ. ಬಳಪದ ಕಲ್ಲಿನ ಸಣ್ಣ ಕೆತ್ತನೆಯನ್ನೆಲ್ಲ ನಾಯ್ಸ್ (ಚಿತ್ರದ ಮೇಲೆ ಏಳುವ ಕಾಳುಕಾಳು ಚುಕ್ಕೆ) ತಿಂದುಹಾಕಿತು. ಆಮೇಲೆ ನೆಲದ ಮೇಲೆ ಕ್ಯಾಮೆರಾ ಅಂಗಾತ ಮಲಗಿಸುವ ಯೋಚನೆ ಬಂತು. ಆನ್‌ಲೈನ್‌ನಲ್ಲಿ ಸುಮಾರು 900 ರೂಪಾಯಿ ಕೊಟ್ಟು ಥರ್ಮಕೋಲ್ ಗುಂಡುಗಳ ಬೀನ್ ಬ್ಯಾಗ್ ತರಿಸಿದೆ. ದುಡ್ಡು ದಂಡ. ಥರ್ಮಕೋಲ್ ಸ್ಪ್ರಿಂಗ್ ಥರ, ಕ್ಯಾಮೆರಾ ಬಿಟ್ಟ ಮೇಲೂ ತಲೆಯಾಡಿಸುತ್ತಲೇ ಇರುತ್ತದೆ. ಅದನ್ನು ಖಾಲಿ ಮಾಡಿ ಅಕ್ಕಿ ತುಂಬಿದೆ. ಚೆನ್ನಾಗಿತ್ತು, ಆದರೆ ಎರಡು ತಿಂಗಳಲ್ಲಿ ಹುಳ. ಮರಳು ತುಂಬಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. ಹೊಲಿಗೆಯಿಂದ ಸೋರಿದ ನುಣ್ಣನೆ ಮರಳು ಜೂಮ್ ರಿಂಗ್ ಒಳಗೆ ಹೋಗಿ ಕರಕರ ಅನ್ನೋಕೆ ಶುರುವಾಯಿತು. ಲೆನ್ಸ್ ಬಿಚ್ಚಿ ಕ್ಲೀನ್ ಮಾಡಿಸಲು 1,800ರ ಹತ್ತಿರ ಹೋಯಿತು.

ಕೊನೆಗೆ ರಾಗಿ. ಕಾಳು ಚಿಕ್ಕದು, ನುಣುಪು, ಕ್ಯಾಮೆರಾ ಇಟ್ಟ ತಕ್ಷಣ ಜಾರಿ ಕುಳಿಯಾಗಿ ಕೂರುತ್ತದೆ, ಆಮೇಲೆ ಅಲ್ಲಾಡುವುದಿಲ್ಲ. ಹಳೆ ಜೀನ್ಸ್ ಪ್ಯಾಂಟಿನ ಒಂದೂವರೆ ಅಡಿ ಕಾಲು ಕತ್ತರಿಸಿ, ಒಳಗೊಂದು ಲೈನಿಂಗ್ ಕೊಟ್ಟು, ಟೈಲರ್ ಹತ್ತಿರ ಡಬಲ್ ಹೊಲಿಗೆ ಹಾಕಿಸಿದೆ, 50 ರೂಪಾಯಿ. ಚೆನ್ನಾಗಿ ಕೇರಿ ಧೂಳು ತೆಗೆದ ರಾಗಿ ಎರಡು ಕೆಜಿ. ಮುಕ್ಕಾಲು ಭಾಗ ಮಾತ್ರ ತುಂಬಿ. ಗಟ್ಟಿಯಾಗಿ ತುಂಬಿದರೆ ಅದು ಚೀಲ ಅಲ್ಲ, ದಿಂಬು. ಕ್ಯಾಮೆರಾ ಉರುಳುತ್ತದೆ.

ಇಷ್ಟಾದರೂ ಫೋಟೋ ಅಲುಗುತ್ತಿತ್ತು! ವಿಚಿತ್ರ ಏನಂದರೆ, ಒಳಗಿನ ಕತ್ತಲಲ್ಲಿ ಎರಡು ಸೆಕೆಂಡ್ ಶಟರ್ ತೆರೆದಿಟ್ಟು ತೆಗೆದವು ಪರವಾಗಿಲ್ಲ, ಬಾಗಿಲ ಹತ್ತಿರ ಬೆಳಕಿದ್ದ ಕಡೆ 1/8, 1/15 ಸೆಕೆಂಡಿನಲ್ಲಿ ತೆಗೆದವೇ ಮಸುಕು. ತುಂಬಾ ದಿನ ಫೋಕಸ್ ಮೇಲೆ ಅನುಮಾನ ಪಟ್ಟೆ.

ಮನೆಯಲ್ಲಿ ಒಂದು ಪ್ರಯೋಗ ಮಾಡಿದೆ. ಕ್ಯಾಮೆರಾ ಪಕ್ಕಕ್ಕೆ ಚಿಕ್ಕ ಕನ್ನಡಿ ಚೂರು ಅಂಟಿಸಿ, ಮೇಜಿನ ಮೇಲಿಂದ 100 ರೂಪಾಯಿಯ ಲೇಸರ್ ಅದರ ಮೇಲೆ ಬಿಟ್ಟೆ. ಚುಕ್ಕೆ ಹೋಗಿ ಎದುರು ಗೋಡೆಗೆ ಬೀಳುವ ಹಾಗೆ (ಯಾರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳಿ). ಶಟರ್ ಒತ್ತಿ, ಗೋಡೆಯ ಚುಕ್ಕೆಯನ್ನು ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ ಹಿಡಿದೆ. ಕ್ಯಾಮೆರಾ ಒಳಗಿನ ಮಿರರ್ (ಫೋಟೋ ತೆಗೆಯುವಾಗ ಎದ್ದು ಬೆಳಕಿಗೆ ದಾರಿ ಬಿಡುವ ಕನ್ನಡಿ) ಟಪ್ ಅಂತ ಮೇಲೆ ಹೊಡೆದ ಕೂಡಲೇ ಚುಕ್ಕೆ ಉದ್ದ ಗೆರೆಯಾಗಿ ಕುಣಿಯಿತು, ಹೆಚ್ಚುಕಡಿಮೆ ಕಾಲು ಸೆಕೆಂಡ್ ಕುಣಿದು ನಿಂತಿತು. ಅಲ್ಲಿಗೆ ಗುಟ್ಟು ಗೊತ್ತಾಯಿತು. 1/8ರಲ್ಲಿ ಶಟರ್ ತೆರೆದಿರುವ ಹೊತ್ತು, ಅಂದರೆ ಇಡೀ ಎಕ್ಸ್‌ಪೋಷರ್ ಆ ಕುಣಿತದ ಒಳಗೇ ಮುಗಿದುಹೋಗುತ್ತದೆ. ಎರಡು ಸೆಕೆಂಡ್‌ನಲ್ಲಿ ಕುಣಿತದ ಪಾಲು ಸ್ವಲ್ಪ, ಕಾಣುವುದಿಲ್ಲ. ಬ್ಯಾಟರಿ ಉಳಿಯಲಿ ಅಂತ ನಾನು ಲೈವ್ ವ್ಯೂ (ಮಿರರ್ ಮೊದಲೇ ಎತ್ತಿ, ಸ್ಕ್ರೀನಿನಲ್ಲಿ ನೋಡಿ ತೆಗೆಯುವುದು) ಆಫ್ ಮಾಡಿಯೇ ತೆಗೆಯುತ್ತಿದ್ದೆ, ಎಡವಟ್ಟು ಅಲ್ಲೇ.

ಮಿರರ್ ಲಾಕಪ್ (ಮಿರರ್ ಮೊದಲೇ ಎತ್ತಿ ನಿಲ್ಲಿಸುವುದು) ಜೊತೆ ಎರಡು ಸೆಕೆಂಡ್ ಟೈಮರ್ ಇಟ್ಟಾಗ ಗೆರೆ ಬಹಳ ಚಿಕ್ಕದಾಯಿತು. ನನ್ನ ಕ್ಯಾನನ್ 70ಡಿಯಲ್ಲಿ ಲೈವ್ ವ್ಯೂ ಹಾಕಿ, ಸೈಲೆಂಟ್ ಶೂಟಿಂಗ್ ಮೋಡ್ 1 ಇಟ್ಟಾಗ ಚುಕ್ಕೆ ಚುಕ್ಕೆಯಾಗಿಯೇ ಉಳಿಯಿತು. ಮಿರರ್ ಮೊದಲೇ ಮೇಲೆ ಹೋಗಿರುತ್ತದೆ, ಶಟರಿನ ಮೊದಲ ಪರದೆಯ ಕೆಲಸ ಎಲೆಕ್ಟ್ರಾನಿಕ್, ಹೊಡೆತವೇ ಇಲ್ಲ. ಸ್ಕ್ರೀನ್ ಪಕ್ಕಕ್ಕೆ ಬಿಚ್ಚಿಕೊಳ್ಳುವುದರಿಂದ ಅಂಗಾತ ಮಲಗಿಸಿದರೂ ಫೋಕಸ್ ನೋಡಬಹುದು. ಇದೇ ಜೋಶ್‌ನಲ್ಲಿ ಮಹಡಿ ಮೇಲೂ ಲೇಸರ್ ಇಟ್ಟು ನೋಡಿದೆ. ಅಲ್ಲಿ ಯಾರಾದರೂ ನಡೆದರೆ ಸಾಕು, ಚುಕ್ಕೆ ಅಲ್ಲಾಡುತ್ತದೆ. ಕೆಳಗಿನ ಮನೆಯ ನೆಲದಲ್ಲಿ ಹಾಗಾಗಲಿಲ್ಲ.

ಇನ್ನೆರಡು ಮಾತು. ನನ್ನ 18-200 ಲೆನ್ಸ್ ಮೇಲ್ಮುಖ ಮಾಡಿದರೆ ಜೂಮ್ ತಾನೇ ಮೆಲ್ಲಗೆ ಕೆಳಗೆ ಜಾರುತ್ತದೆ. ಒಂದು ಸೆಕೆಂಡ್ ಎಕ್ಸ್‌ಪೋಷರ್‌ನಲ್ಲಿ ನಡುವೆ ಶಾರ್ಪ್, ಅಂಚೆಲ್ಲ ಎಳೆದ ಹಾಗೆ ಬಂದರೆ ಇದೇ ಕಾರಣ. ಸೈಕಲ್ ಟ್ಯೂಬಿನ ಒಂದು ಬಳೆ ಕತ್ತರಿಸಿ ಜೂಮ್ ರಿಂಗ್ ಮತ್ತು ಬ್ಯಾರೆಲ್ ಸೇರುವ ಜಾಗಕ್ಕೆ ಹಾಕಿದೆ, ನಿಂತಿತು. ಐಎಸ್ (ಲೆನ್ಸಿನ ಅಲುಗಾಟ ತಡೆಯುವ ವ್ಯವಸ್ಥೆ) ಆಫ್ ಮಾಡಿ, ನನಗೆ ಅದು ಆನ್ ಇದ್ದಾಗ ಚಿತ್ರ ತೇಲಿದೆ. ಕತ್ತಿನ ಪಟ್ಟಿ ಕಳಚಿಡಿ. ವೈರ್ ರಿಲೀಸ್ (ಕ್ಯಾಮೆರಾ ಮುಟ್ಟದೆ ಶಟರ್ ಒತ್ತುವ ವೈರಿನ ಗುಂಡಿ) 350 ರೂಪಾಯಿದೇ ಸಾಕು. ಭುವನೇಶ್ವರಿಯ ನಡುವನ್ನು ಫ್ರೇಮಿನ ನಡುವಿಗೆ ಕರೆಕ್ಟಾಗಿ ತರುವುದಕ್ಕೆ ನಾನು ಮಾಡಿಕೊಂಡಿರುವ ಉಪಾಯ ಒಂದಿದೆ. ಅದನ್ನು ಈಗ ಹೇಳಲ್ಲ, ಅದಕ್ಕಾಗಿ ಒಂದು ವರ್ಷ ನೆಲದ ಮೇಲೆ ಮಲಗೆದ್ದಿದ್ದೇನೆ.

ಆ ದಿನ ಬೆಳಗ್ಗೆ ಕಾವಲಿನವರನ್ನು ಕೇಳಿಕೊಂಡೇ ಚೀಲ ಹಾಸಿದೆ. ಐಎಸ್‌ಒ 200, ಎಫ್ 8 (ಲೆನ್ಸಿನ ಕಿಂಡಿಯ ಅಳತೆ), ಅರ್ಧ ಸೆಕೆಂಡ್ ಇರಬೇಕು. ಎಂಟೋ ಒಂಬತ್ತೋ ತೆಗೆದೆ, ಒಂದೂ ಅಲುಗಿರಲಿಲ್ಲ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ತೋರಿಸಿದಾಗ ಕಾವಲಿನವರು "ಇಷ್ಟು ವರ್ಷ ಇದರ ಕೆಳಗೇ ಓಡಾಡ್ತಿದ್ದೀನಿ, ಈ ಗೆರೆ ನೋಡೇ ಇರಲಿಲ್ಲ ಸಾರ್" ಅಂದರು.

ಮುಂದಿನ ತಿಂಗಳು ಬೇಲೂರು. ನವರಂಗದ (ಕಂಬಗಳ ಒಳಮಂಟಪ) ನಡುವಿನ ದೊಡ್ಡ ಭುವನೇಶ್ವರಿ. ಪೂಜೆ ನಡೆಯುವ ದೇವಸ್ಥಾನ, ಜನ ಜಾಸ್ತಿ, ನೆಲದಲ್ಲಿ ಜಾಗ ಸಿಗುವುದೇ ಕಷ್ಟ. ಅಲ್ಲಿಗೆ ಅಂತ ಒಂದು ಕೆಜಿಯ ಚಿಕ್ಕ ಚೀಲ ಹೊಲಿಸಿದ್ದೇನೆ.