ರಸ್ತೆ ಜಗಳ ಕೈಮೀರಿದಾಗ: ಆತ್ಮರಕ್ಷಣೆಯ ವಾದ ಕೋರ್ಟಿನಲ್ಲಿ ನಿಲ್ಲಬೇಕಾದರೆ

ಸಿಗ್ನಲ್‌ನಲ್ಲಿ ಬೈಕಿನ ಹ್ಯಾಂಡಲ್ ಕಾರಿನ ಕನ್ನಡಿಗೆ ತಾಗುತ್ತದೆ. ಬೈಗುಳ ಶುರುವಾಗುತ್ತದೆ, ಒಬ್ಬ ಗಾಡಿ ಅಡ್ಡ ಹಾಕುತ್ತಾನೆ, ಕೊರಳಪಟ್ಟಿಗೆ ಕೈ ಬೀಳುತ್ತದೆ, ಆಮೇಲೆ ಹೆಲ್ಮೆಟ್ಟಿನಿಂದಲೋ ವೀಲ್ ಸ್ಪ್ಯಾನರಿನಿಂದಲೋ ಏಟು. ಮುಖಪರಿಚಯವೂ ಇಲ್ಲದ ಇಬ್ಬರ ನಡುವೆ ಇಷ್ಟಾಗಲು ಎರಡು ನಿಮಿಷ ಸಾಕು. ತಲೆ ಉಳಿಸಿಕೊಳ್ಳಲು ತಿರುಗಿ ಹೊಡೆದವನೂ ಮರುದಿನ ಠಾಣೆಯಲ್ಲಿ ಆರೋಪಿಯಾಗಿ ನಿಲ್ಲಬಹುದು. ಅವನ ಪರವಾಗಿ ಕಾನೂನು ಇದೆ, ಗಟ್ಟಿಯಾಗಿಯೇ ಇದೆ. ಆದರೆ ಅದು ಕೆಲಸಕ್ಕೆ ಬರಬೇಕಾದರೆ ಅಪಾಯ ಮುಗಿದೊಡನೆ ಅವನ ಕೈ ನಿಂತಿರಬೇಕು, ಮೊದಲ ದಿನ ಹೇಳಿದ ಮಾತು ಕೊನೆಯ ದಿನದವರೆಗೂ ಬದಲಾಗದೆ ಇರಬೇಕು.

ಕಾನೂನು ಕೊಡುವುದು ಏನು, ಕೊಡದಿರುವುದು ಏನು

2024ರ ಜುಲೈ 1ರಿಂದ ನಡೆದ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಅನ್ವಯಿಸುತ್ತವೆ. ಅದಕ್ಕೂ ಹಿಂದಿನ ಘಟನೆಯಾದರೆ ಹಳೆಯ ದಂಡ ಸಂಹಿತೆಯ 96ರಿಂದ 106. ಒಳಗಿನ ತತ್ವ ಬಹುತೇಕ ಅದೇ. ನಿಮ್ಮ ಮೈಯನ್ನಷ್ಟೇ ಅಲ್ಲ, ಬೇರೆ ಯಾರ ಮೈಯನ್ನಾದರೂ ರಕ್ಷಿಸುವ ಹಕ್ಕು 35ನೇ ಕಲಮಿನಲ್ಲಿದೆ. ಬಸ್ ನಿಲ್ದಾಣದಲ್ಲಿ ಅಪರಿಚಿತ ಹುಡುಗನನ್ನು ನಾಲ್ಕು ಜನ ಬಡಿಯುತ್ತಿದ್ದರೆ ಅಡ್ಡ ಬರುವವನಿಗೂ ಈ ರಕ್ಷೆ ಉಂಟು.

ಏಟು ಬೀಳುವವರೆಗೆ ಕಾಯಬೇಕೆಂದಿಲ್ಲ. ಹಲ್ಲೆಯ ಪ್ರಯತ್ನದಿಂದ ಅಥವಾ ಬೆದರಿಕೆಯಿಂದ ಮೈಗೆ ಅಪಾಯವಿದೆ ಎಂಬ ಸಕಾರಣ ಭಯ ಹುಟ್ಟಿದ ಕ್ಷಣಕ್ಕೆ ಹಕ್ಕು ಶುರು, ಆ ಭಯ ಇರುವಷ್ಟು ಹೊತ್ತು ಅದು ಜೀವಂತ. 40ನೇ ಕಲಮು ಹೇಳುವುದು ಇಷ್ಟೇ, ಇಡೀ ಪ್ರಕರಣ ನಿಲ್ಲುವುದೂ ಬೀಳುವುದೂ ಬಹಳ ಸಲ ಇದರ ಮೇಲೆಯೇ. ಓಡಿಹೋಗಲೇಬೇಕೆಂಬ ನಿಯಮವೂ ನಮ್ಮಲ್ಲಿಲ್ಲ. ದರ್ಶನ್ ಸಿಂಗ್ ವಿರುದ್ಧ ಪಂಜಾಬ್ ಸರ್ಕಾರದ ಪ್ರಕರಣದಲ್ಲಿ (2010) ಸುಪ್ರೀಂ ಕೋರ್ಟ್ ಹತ್ತು ಸೂತ್ರಗಳನ್ನು ಒಟ್ಟಿಗೆ ಬರೆದಿಟ್ಟು, ಕಾನೂನು ಪಾಲಿಸುವವನು ಹೇಡಿಯಂತೆ ನಡೆದುಕೊಳ್ಳಬೇಕೆಂದು ಕಾನೂನು ಬಯಸುವುದಿಲ್ಲ ಎಂಬುದನ್ನೂ ಸ್ಪಷ್ಟಪಡಿಸಿತು. ನಿಮ್ಮ ವಕೀಲರ ಕಡತದಲ್ಲಿ ಮೊದಲು ಇರಬೇಕಾದ ತೀರ್ಪು ಇದು.

ಮುಖ್ಯ ಮಿತಿಗಳಲ್ಲಿ ಮೊದಲೆರಡು 37ನೇ ಕಲಮಿನಲ್ಲಿವೆ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕಿಲ್ಲ. ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. ಅಪಾಯವನ್ನು ನೀವೇ ಹುಟ್ಟಿಸಿದ್ದರೆ, ಅಂದರೆ ಮೊದಲು ಕೈ ಎತ್ತಿದವರು ನೀವಾಗಿದ್ದರೆ, ಈ ವಾದ ನಿಮ್ಮದಲ್ಲ. ಬರೀ ಬೈಗುಳಕ್ಕೆ ಹೊಡೆಯುವ ಹಕ್ಕು ಯಾರಿಗೂ ಇಲ್ಲ. ಹಠಾತ್ ಪ್ರಚೋದನೆ ಶಿಕ್ಷೆಯನ್ನು ಕಡಿಮೆ ಮಾಡೀತು, ಅಪರಾಧವನ್ನು ಅಳಿಸುವುದಿಲ್ಲ.

ಎದುರಾಳಿಯ ಪ್ರಾಣ ಹೋಗುವಷ್ಟು ಬಲ ಬಳಸಲು 38ನೇ ಕಲಮು ಏಳು ಸಂದರ್ಭಗಳನ್ನು ಹೇಳುತ್ತದೆ: ಸಾವಿನ ಭಯ, ತೀವ್ರ ಗಾಯದ ಭಯ, ಅತ್ಯಾಚಾರ, ಅಸ್ವಾಭಾವಿಕ ಕಾಮದ ಉದ್ದೇಶದ ಹಲ್ಲೆ, ಅಪಹರಣ, ಬಿಡಿಸಿಕೊಳ್ಳಲು ದಾರಿಯಿಲ್ಲದಂತೆ ಕೂಡಿಹಾಕುವ ಯತ್ನ, ಆಸಿಡ್ ದಾಳಿ. ರಸ್ತೆ ಜಗಳದಲ್ಲಿ ಸಾಮಾನ್ಯವಾಗಿ ಮೊದಲೆರಡೇ ಚರ್ಚೆಗೆ ಬರುತ್ತವೆ.

ಎರಡನೆಯ ಏಟು

ಒಬ್ಬ ಕಲ್ಲು ಎತ್ತಿ ಬರುತ್ತಾನೆ, ನೀವು ಹೆಲ್ಮೆಟ್ ಬೀಸುತ್ತೀರಿ, ಅವನ ಕೈಯಿಂದ ಕಲ್ಲು ಜಾರುತ್ತದೆ, ಅವನು ಬೀಳುತ್ತಾನೆ. ಇಲ್ಲಿಯವರೆಗೆ ನೀವು ಕಾನೂನಿನ ಒಳಗಿದ್ದೀರಿ. ಬಿದ್ದವನಿಗೆ ಇನ್ನೊಂದು ಒದೆ ಬಿದ್ದರೆ ಅದು ರಕ್ಷಣೆಯಲ್ಲ, ಸೇಡು. ಓಡುವವನನ್ನು ಅಟ್ಟಿಸಿಕೊಂಡು ಹೋಗಿ ಹೊಡೆದರೂ ಅಷ್ಟೇ. ಜೈದೇವ್ ಪ್ರಕರಣದಲ್ಲಿ (1963) ಸುಪ್ರೀಂ ಕೋರ್ಟ್ ಈ ಗೆರೆ ಎಳೆದು ಅರವತ್ತು ವರ್ಷ ಮೀರಿತು. ಸಿಸಿಟಿವಿ ದೃಶ್ಯ ತೆರೆದಾಗ ತನಿಖಾಧಿಕಾರಿ ಮೊದಲು ಹುಡುಕುವುದೂ ಇದನ್ನೇ: ಎದುರಾಳಿ ಕೈಚೆಲ್ಲಿದ ಮೇಲೆ ಎಷ್ಟು ಏಟು ಬಿದ್ದವು.

ಹಾಗೆಂದು ಪ್ರಾಣಭಯದಲ್ಲಿ ಇದ್ದವನ ಒಂದೊಂದು ಏಟನ್ನೂ ನ್ಯಾಯಾಲಯ ಚಿನ್ನದ ತಕ್ಕಡಿಯಲ್ಲಿ ತೂಗುವುದಿಲ್ಲ. ಈ ಮಾತು ಸುಪ್ರೀಂ ಕೋರ್ಟಿನದೇ. ಮೂರು ಜನ ಸುತ್ತುವರಿದಾಗ ಎರಡು ಸೆಕೆಂಡಿನಲ್ಲಿ ಮೂರು ಏಟು ಬೀಸಿದ್ದನ್ನೂ ಒಬ್ಬನೇ ಎದುರಾಳಿ ಇದ್ದು, ಅವನೂ ಹಿಂದೆ ಸರಿದ ಮೇಲೆ ಹೊಡೆದ ಒಂದು ಏಟನ್ನೂ ಒಂದೇ ಎಂದು ಯಾವ ನ್ಯಾಯಾಧೀಶರೂ ಹೇಳರು.

ಬರಿಗೈ ಎಂದರೆ ಕಡಿಮೆ ಅಪಾಯ ಎಂಬ ನಂಬಿಕೆಯೂ ತಪ್ಪು. 1988ರ ಡಿಸೆಂಬರ್‌ನಲ್ಲಿ ಪಟಿಯಾಲದಲ್ಲಿ ವಾಹನದ ವಿಚಾರಕ್ಕೆ ಜಗಳವಾಗಿ 65 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಆ ಪ್ರಕರಣದಲ್ಲಿ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ಅವರಿಗೆ 2018ರಲ್ಲಿ ಬರೀ 1,000 ರೂಪಾಯಿ ದಂಡವಾಗಿತ್ತು. 2022ರ ಮೇ 19ರಂದು ಮರುಪರಿಶೀಲನೆಯಲ್ಲಿ ಸುಪ್ರೀಂ ಕೋರ್ಟ್ ಒಂದು ವರ್ಷದ ಕಠಿಣ ಸಜೆ ಕೊಟ್ಟಿತು. ಗಟ್ಟಿಮುಟ್ಟಾದ ಕ್ರೀಡಾಪಟುವಿನ ಕೈಯೇ ಆಯುಧವಾಗಬಲ್ಲದು ಎಂಬ ಮಾತು ಆ ತೀರ್ಪಿನಲ್ಲಿದೆ. ಅದು ಆತ್ಮರಕ್ಷಣೆಯ ಪ್ರಕರಣವಲ್ಲ. ಆದರೂ ಇಬ್ಬರ ವಯಸ್ಸು, ಮೈಕಟ್ಟು, ಬಲ ಎಲ್ಲವೂ ಲೆಕ್ಕಕ್ಕೆ ಬರುತ್ತವೆ ಎಂಬುದು ಅದರಿಂದ ತಿಳಿಯುತ್ತದೆ.

ಮಿತಿ ಮೀರಿದರೆ ಏನಾಗುತ್ತದೆ? ಸದ್ಭಾವನೆಯಿಂದ ರಕ್ಷಿಸಿಕೊಳ್ಳುತ್ತಾ ಮಿತಿ ಮೀರಿ, ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವ ಉದ್ದೇಶವಿಲ್ಲದೆ ಸಾವಾಗಿದ್ದರೆ, 101ನೇ ಕಲಮಿನ ಎರಡನೇ ವಿನಾಯಿತಿಯಿಂದ ಅದು ಕೊಲೆಯಾಗದೆ ಕೊಲೆಯಲ್ಲದ ನರಹತ್ಯೆಯಾಗಿ 105ನೇ ಕಲಮಿಗೆ ಇಳಿಯುತ್ತದೆ. ಗಾಯದ ಪ್ರಕರಣಗಳಲ್ಲಿ ಇಂಥ ಇಳಿತವಿಲ್ಲ. ಅಪರಾಧ ಉಳಿಯುತ್ತದೆ; ಶಿಕ್ಷೆಯ ಪ್ರಮಾಣದಲ್ಲಿ ಮಾತ್ರ ರಿಯಾಯಿತಿ ಕೇಳಬಹುದು.

ಮೊದಲ ಒಂದು ಗಂಟೆ

ದೂರ ಸರಿಯಿರಿ, 112ಕ್ಕೆ ಕರೆ ಮಾಡಿ. ಎದುರಾಳಿ ಬಿದ್ದಿದ್ದರೆ ಅವನಿಗೂ ಆಂಬುಲೆನ್ಸ್ ಕೇಳಿ. ಮಾನವೀಯತೆ ಅದನ್ನು ಬೇಡುತ್ತದೆ. ನಿಮ್ಮ ಉದ್ದೇಶ ಸೇಡಾಗಿರಲಿಲ್ಲ ಎನ್ನುವುದಕ್ಕೆ ಸಮಯ ಸಮೇತ ದಾಖಲಾಗುವ ಪುರಾವೆಯೂ ಅದೇ. ಕರೆಯಲ್ಲಿ ಉದ್ದ ಕಥೆ ಬೇಡ. "ಇಂಥ ಜಾಗದಲ್ಲಿ ಒಬ್ಬ ನನ್ನ ಮೇಲೆ ಕಲ್ಲಿನಿಂದ ಹಲ್ಲೆ ಮಾಡಿದ, ತಪ್ಪಿಸಿಕೊಳ್ಳಲು ನಾನೂ ಹೊಡೆದೆ, ಇಬ್ಬರಿಗೂ ಗಾಯವಾಗಿದೆ" ಎಂಬಷ್ಟು ಸಾಕು.

ಹೆದರಿ ಮನೆಗೆ ಹೊರಟುಹೋಗುವುದೇ ಜನ ಮಾಡುವ ದೊಡ್ಡ ತಪ್ಪು. ಆಗ ಎದುರಾಳಿಯ ದೂರು ಮೊದಲು ದಾಖಲಾಗುತ್ತದೆ, ನೀವು ಓಡಿಹೋದವರಾಗುತ್ತೀರಿ, ಎರಡು ದಿನದ ಮೇಲೆ ಕೊಡುವ ನಿಮ್ಮ ದೂರು ಕೇಸಿಗೆ ಹುಟ್ಟಿಸಿದ ಕೌಂಟರ್ ಕೇಸಿನಂತೆ ಕಾಣುತ್ತದೆ. ಗುಂಪು ಸೇರಿ ಅಲ್ಲಿ ನಿಲ್ಲುವುದೇ ಅಪಾಯ ಎನಿಸಿದರೆ ನೇರ ಹತ್ತಿರದ ಠಾಣೆಗೆ ಹೋಗಿ. ಪೊಲೀಸ್ ತನಿಖೆ, ಬಂಧನ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಸರಹದ್ದು ಯಾವುದೇ ಇರಲಿ, ಸಂಜ್ಞೇಯ ಅಪರಾಧವಾದರೆ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದದ್ದು) ಝೀರೋ ಎಫ್‌ಐಆರ್, ಅಂದರೆ ಬೇರೆ ಠಾಣೆಯ ಸರಹದ್ದಿನ ದೂರನ್ನೂ, ದಾಖಲಿಸಿಕೊಳ್ಳಬೇಕು.

ಸ್ಥಳ ಬಿಡುವ ಮೊದಲು ಫೋನಿನಲ್ಲಿ ಹಿಡಿಯಬೇಕಾದವು: ಎರಡೂ ಗಾಡಿ ನಿಂತ ರೀತಿ (ಯಾರು ಯಾರಿಗೆ ಅಡ್ಡ ಹಾಕಿದರು ಎಂಬುದು ಇದರಿಂದಲೇ ಗೊತ್ತಾಗುವುದು), ನಂಬರ್ ಪ್ಲೇಟ್, ಬಿದ್ದ ಕಲ್ಲು ಅಥವಾ ರಾಡು ಇದ್ದಲ್ಲೇ, ಸುತ್ತಲಿನ ಅಂಗಡಿಗಳ ಕ್ಯಾಮೆರಾ. ಯಾವುದನ್ನೂ ಮುಟ್ಟಬೇಡಿ, ಎತ್ತಿಡಬೇಡಿ. ಹರಿದ, ರಕ್ತವಾದ ಬಟ್ಟೆಯನ್ನು ಒಗೆಯದೆ ನೆರಳಲ್ಲಿ ಒಣಗಿಸಿ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೂಷ್ಟು ಹಿಡಿದು ರಕ್ತದ ಗುರುತು ಕೆಡುತ್ತದೆ.

ಆಸ್ಪತ್ರೆಯಲ್ಲಿ ಹೇಳುವ ಮಾತು

ಬೇರೆಲ್ಲ ದಾಖಲೆಗಿಂತ ಇದರ ಬಗ್ಗೆ ಹೆಚ್ಚು ಎಚ್ಚರ ಬೇಕು. ಸರ್ಕಾರಿ ಆಸ್ಪತ್ರೆಗೆ ಅದೇ ದಿನ ಹೋಗಿ ಎಂಎಲ್‌ಸಿ (ಪೊಲೀಸ್ ಕೇಸಿಗಾಗಿ ವೈದ್ಯರು ಬರೆಯುವ ಗಾಯದ ದಾಖಲೆ) ಮಾಡಿಸಿ. ಗಾಯ ಸಣ್ಣದು ಎಂದು ಬಿಡಬೇಡಿ. ಹೇಗಾಯಿತು ಎಂದು ವೈದ್ಯರು ಕೇಳಿ ಬರೆದುಕೊಳ್ಳುವ ಎರಡು ಸಾಲು ವರ್ಷಗಳ ನಂತರ ಪಾಟಿ ಸವಾಲಿನಲ್ಲಿ ಹೊರಗೆ ಬರುತ್ತವೆ. ನಾಚಿಕೆಗೋ ಕೇಸಿನ ಭಯಕ್ಕೋ "ಬೈಕಿನಿಂದ ಬಿದ್ದೆ" ಎಂದರೆ ಆತ್ಮರಕ್ಷಣೆಯ ವಾದ ಅಲ್ಲೇ ಅರ್ಧ ಮುಗಿಯಿತು. ಯಾವ ವಸ್ತುವಿನಿಂದ, ಎಷ್ಟು ಜನ, ಎಷ್ಟು ಹೊತ್ತಿಗೆ, ಎಲ್ಲಿ ಎಂಬುದನ್ನು ಹೇಳಿ.

ಮುಂದೋಳಿನ ಹೊರಬದಿ, ಅಂಗೈ, ಬೆರಳುಗಳ ಮೇಲಿನ ಗಾಯಗಳನ್ನು ವೈದ್ಯರಿಗೆ ತೋರಿಸಲೇಬೇಕು. ಏಟು ತಡೆಯಲು ಕೈ ಅಡ್ಡ ಹಿಡಿದವನಿಗೆ ಆಗುವ ಗಾಯಗಳು ಅವು. ನ್ಯಾಯಾಲಯ ಅವನ್ನು ಓದಬಲ್ಲದು. ಕಂದಿದ ಗಾಯಗಳು ಕೆಲವು ಸಲ ಮರುದಿನವೇ ಮೇಲೆ ಕಾಣುವುದು. ಹಾಗಾದರೆ ಮತ್ತೆ ಹೋಗಿ ದಾಖಲಿಸಿ, ಅಳತೆಪಟ್ಟಿಯನ್ನೋ ನಾಣ್ಯವನ್ನೋ ಪಕ್ಕದಲ್ಲಿಟ್ಟು ದಿನಕ್ಕೊಂದರಂತೆ ಫೋಟೋ ತೆಗೆಯಿರಿ.

ಮೂಳೆ, ಹಲ್ಲು ನೋಯುತ್ತಿದ್ದರೆ ಎಕ್ಸ್‌ರೇ ಕೇಳಿ ತೆಗೆಸಿ. ನ್ಯಾಯ ಸಂಹಿತೆಯ 116ನೇ ಕಲಮಿನ ಪ್ರಕಾರ ಮೂಳೆ ಅಥವಾ ಹಲ್ಲು ಮುರಿದರೆ, ಕೀಲು ತಪ್ಪಿದರೆ ಅದು ತೀವ್ರ ಗಾಯ. 15 ದಿನ ತೀವ್ರ ನೋವಿನಲ್ಲಿ ನರಳಿದರೂ, ನಿತ್ಯದ ಕೆಲಸ ಮಾಡಲಾಗದಿದ್ದರೂ ತೀವ್ರ ಗಾಯವೇ (ಹಳೆಯ ಕಾನೂನಿನಲ್ಲಿ ಇದು 20 ದಿನವಿತ್ತು). ಸಾದಾ ಗಾಯಕ್ಕೆ ಒಂದು ವರ್ಷದವರೆಗೆ ಸಜೆಯಾದರೆ ತೀವ್ರ ಗಾಯಕ್ಕೆ ಏಳು ವರ್ಷದವರೆಗೆ. ನಿಮಗಾದ ಗಾಯದ ತೀವ್ರತೆ ನೀವು ಬಳಸಿದ ಬಲಕ್ಕೆ ಸಮರ್ಥನೆಯಾಗಬಲ್ಲದು.

ಠಾಣೆಯಲ್ಲಿ

ನಿಮ್ಮ ಕಡೆಯ ದೂರನ್ನು ಅದೇ ದಿನ ಕೊಡಿ. ಬರೆಯುವ ಮೊದಲು ಸಾಧ್ಯವಿದ್ದರೆ ವಕೀಲರಿಗೆ ಫೋನಿನಲ್ಲಾದರೂ ಓದಿ ಹೇಳಿ, ಏಕೆಂದರೆ ನೀವು ಹೊಡೆದದ್ದನ್ನು ಒಪ್ಪುವ ಕಾಗದ ಅದು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ (ಸಾಕ್ಷ್ಯಗಳ ಬಗೆಗಿನ ಕಾನೂನು) 23ನೇ ಕಲಮಿನಂತೆ ನಿಮ್ಮ ವಿರುದ್ಧ ನಿಲ್ಲುವುದಿಲ್ಲ. ದೂರಿನಲ್ಲಿ ಬರೆದ ಬೇರೆ ಸಂಗತಿಗಳು ನಿಲ್ಲಬಹುದು. ಹಾಗಾಗಿ ಕ್ರಮ ಮುಖ್ಯ: ಅವನು ಏನು ಮಾಡಿದ, ಅವನ ಕೈಯಲ್ಲಿ ಏನಿತ್ತು, ನಿಮಗೆ ಏನಾಗುತ್ತದೆಂದು ಭಯವಾಯಿತು, ನೀವು ಏನು ಮಾಡಿದಿರಿ, ಯಾವಾಗ ನಿಲ್ಲಿಸಿದಿರಿ. ಆ ಕೊನೆಯ ಸಂಗತಿಯನ್ನು ಬರೆಯಲು ಹೆಚ್ಚಿನವರು ಮರೆಯುತ್ತಾರೆ. "ಅವನು ರಾಡು ಕೆಳಗೆ ಹಾಕಿದ ತಕ್ಷಣ ನಾನು ಹಿಂದೆ ಸರಿದೆ" ಎಂಬ ಒಂದು ಸಾಲು, ಅದು ನಿಜವಾಗಿದ್ದರೆ, ಇಡೀ ಪುಟದಷ್ಟು ಕೆಲಸ ಮಾಡುತ್ತದೆ. ನಿಜವಲ್ಲದ್ದನ್ನು ಬರೆಯಬೇಡಿ. ಕ್ಯಾಮೆರಾ ನೋಡಿರುತ್ತದೆ.

ಬಿಳಿ ಹಾಳೆಗೆ ಸಹಿ ಹಾಕಬೇಡಿ. ದೂರು ದಾಖಲಿಸದಿದ್ದರೆ ಅದನ್ನೇ ಅಂಚೆಯಲ್ಲಿ ಎಸ್‌ಪಿಗೆ, ಬೆಂಗಳೂರಿನಂಥ ಕಮಿಷನರೇಟ್‌ಗಳಲ್ಲಿ ಡಿಸಿಪಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಅಫಿಡವಿಟ್ ಸಮೇತ ಸುರಕ್ಷಾ ಸಂಹಿತೆಯ 175(3)ರ ಅಡಿಯಲ್ಲಿ ಮ್ಯಾಜಿಸ್ಟ್ರೇಟರ ಬಳಿಗೆ.

ಏಳು ವರ್ಷದವರೆಗಿನ ಸಜೆಯ ಅಪರಾಧಗಳಲ್ಲಿ ಬಂಧನ ಅಗತ್ಯವಿಲ್ಲದಿದ್ದರೆ ಪೊಲೀಸರು ಸುರಕ್ಷಾ ಸಂಹಿತೆಯ 35(3)ರಂತೆ ಹಾಜರಾಗಲು ನೋಟಿಸ್ ಕೊಡಬೇಕು. ನೋಟಿಸ್ ಬಂದರೆ ತಪ್ಪದೆ ಹಾಜರಾಗಿ, ಹಾಜರಾದದ್ದಕ್ಕೆ ಬರಹದಲ್ಲಿ ಗುರುತು ಪಡೆಯಿರಿ. ಕೊಲೆ ಯತ್ನದ ಕಲಮು (ನ್ಯಾಯ ಸಂಹಿತೆಯ 109) ಸೇರಿದೆ ಎಂದು ತಿಳಿದರೆ ತಡಮಾಡದೆ ಸುರಕ್ಷಾ ಸಂಹಿತೆಯ 482ರ ಅಡಿ ನಿರೀಕ್ಷಣಾ ಜಾಮೀನಿಗೆ, ಅಂದರೆ ಬಂಧನಕ್ಕೆ ಮೊದಲೇ ಕೇಳುವ ಜಾಮೀನಿಗೆ ಹೋಗಿ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಅಲ್ಲಿ ನಿಮ್ಮ ಗಾಯ ತೋರಿಸಿ, ದಾಖಲಿಸಲು ಕೇಳಿ. ವಕೀಲರನ್ನು ಇಟ್ಟುಕೊಳ್ಳಲು ಆಗದವರಿಗೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು.

ಕ್ಯಾಮೆರಾ ದೃಶ್ಯ ಅಳಿಯುವ ಮೊದಲು

ಅಂಗಡಿಯ ಡಿವಿಆರ್ (ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆ) ಹಾರ್ಡ್‌ಡಿಸ್ಕ್ ತುಂಬಿದಂತೆ ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆಯುತ್ತದೆ. ಕೆಲವೆಡೆ ವಾರಕ್ಕೇ ಅಳಿಯುತ್ತದೆ. ಮರುದಿನವೇ ತನಿಖಾಧಿಕಾರಿಗೆ ಲಿಖಿತ ಮನವಿ ಕೊಡಿ: ಯಾವ ಅಂಗಡಿ, ಯಾವ ದಿಕ್ಕಿನ ಕ್ಯಾಮೆರಾ, ಎಷ್ಟರಿಂದ ಎಷ್ಟು ಗಂಟೆಯವರೆಗೆ. ಸ್ವೀಕೃತಿ ಪಡೆಯಿರಿ. ಅವರು ಕದಲದಿದ್ದರೆ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ಅದನ್ನು ತರಿಸಲು ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಡಿವಿಆರ್ ಗಡಿಯಾರ ಹಲವು ಸಲ ಹಿಂದೆಮುಂದೆ ಇರುತ್ತದೆ. ಅದರ ಪರದೆಯ ಸಮಯವೂ ಫೋನಿನ ಸಮಯವೂ ಒಂದೇ ಫೋಟೋದಲ್ಲಿ ಬರುವಂತೆ ತೆಗೆದಿಡಿ, ಇಲ್ಲದಿದ್ದರೆ 112ರ ಕರೆಗೂ ದೃಶ್ಯಕ್ಕೂ ತಾಳೆಯಾಗುವುದಿಲ್ಲ.

ಡ್ಯಾಶ್‌ಕ್ಯಾಮ್ ಕಾರ್ಡನ್ನು ಹೊರತೆಗೆದು ಹಾಗೇ ಇಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೋ ಕುಗ್ಗಿರುತ್ತದೆ, ಮೂಲ ಕಡತವಲ್ಲ. ತೆಗೆದವರ ಫೋನಿನಲ್ಲಿ ಮೂಲ ಉಳಿಯುವಂತೆ ಕೇಳಿಕೊಳ್ಳಿ. ಪ್ರತಿಯನ್ನು ಹಾಜರುಪಡಿಸುವಾಗ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ, ಅದರಲ್ಲಿ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ಬೇಕು. ಅದಿಲ್ಲದೆ ಒಳ್ಳೆಯ ದೃಶ್ಯವೂ ಆಕ್ಷೇಪಣೆಗೆ ಸಿಕ್ಕಿಬೀಳುತ್ತದೆ.

ವಿಚಾರಣೆಯಲ್ಲಿ

ಆತ್ಮರಕ್ಷಣೆಯನ್ನು ತೋರಿಸುವ ಹೊಣೆ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನಂತೆ ಆರೋಪಿಯದು. ಆದರೆ ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ. ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದು ತೋರಿದರೆ ಸಾಕು. ಸಾಕ್ಷಿ ಕಟ್ಟೆ ಹತ್ತಲೇಬೇಕೆಂದೂ ಇಲ್ಲ. ಎದುರು ಪಕ್ಷದ ಸಾಕ್ಷಿಗಳ ಬಾಯಿಂದ, ಗಾಯದ ಪ್ರಮಾಣಪತ್ರದಿಂದ, ಮಹಜರಿನಿಂದ ಅದು ಹೊರಡಬಹುದು. ಆರೋಪಿ ಬಾಯಿಬಿಟ್ಟು ಕೇಳದಿದ್ದರೂ ದಾಖಲೆಯಲ್ಲಿ ಕಂಡರೆ ನ್ಯಾಯಾಲಯ ಪರಿಗಣಿಸಬೇಕು ಎಂದು ಮುನ್ಷಿ ರಾಮ್ ತೀರ್ಪು (1968) ಹೇಳುತ್ತದೆ. ನಿಮಗಾದ ಗಂಭೀರ ಗಾಯಗಳಿಗೆ ಪ್ರಾಸಿಕ್ಯೂಷನ್ ವಿವರಣೆ ಕೊಡದಿದ್ದರೆ ಅವರ ಕಥೆಯ ಮೇಲೇ ಅನುಮಾನ ಬರುತ್ತದೆ. ಇದು ಲಕ್ಷ್ಮಿ ಸಿಂಗ್ ಪ್ರಕರಣ (1976). ಗೀಚಿದಂಥ ಗಾಯಗಳಿಗೆ ಈ ವಾದ ನಡೆಯದು.

ಬಹಳ ಪ್ರಕರಣಗಳು ಕೆಡುವುದು "ನಾನು ಅಲ್ಲಿರಲೇ ಇಲ್ಲ" ಎಂದು ಜಾಮೀನು ಅರ್ಜಿಯಲ್ಲಿ ಬರೆದು, ವಿಚಾರಣೆಯಲ್ಲಿ ನ್ಯಾಯಾಧೀಶರು ಆರೋಪಿಯಿಂದ ಪಡೆಯುವ ಹೇಳಿಕೆಯಲ್ಲಿ (ಸುರಕ್ಷಾ ಸಂಹಿತೆಯ 351) "ರಕ್ಷಣೆಗಾಗಿ ಹೊಡೆದೆ" ಎನ್ನುವುದರಿಂದ. ಪರ್ಯಾಯ ವಾದ ಮಂಡಿಸಲು ಕಾನೂನಿನಲ್ಲಿ ಅಡ್ಡಿಯಿಲ್ಲ, ಆದರೆ ಎರಡನ್ನೂ ಒಟ್ಟಿಗೆ ನಂಬುವವರು ಯಾರು? ಅಚ್ಚು ಹಾಕಿದಂಥ ಜಾಮೀನು ಅರ್ಜಿಯನ್ನು ಸಹಿಗೆ ಮೊದಲು ನೀವೇ ಓದಿ, ನಡೆಯದ್ದನ್ನು ಹೊಡೆದುಹಾಕಿಸಿ.

ಎರಡೂ ಕಡೆ ಚಾರ್ಜ್‌ಶೀಟ್ ಆಗಿದ್ದರೆ ಕೇಸು ಮತ್ತು ಕೌಂಟರ್ ಕೇಸನ್ನು ಒಬ್ಬರೇ ನ್ಯಾಯಾಧೀಶರು ಒಂದರ ಹಿಂದೊಂದು ವಿಚಾರಣೆ ಮಾಡಬೇಕೆಂದು ಅರ್ಜಿ ಕೊಡಿ. ಸುಧೀರ್ ಪ್ರಕರಣದ ತೀರ್ಪು (2001) ಇದಕ್ಕೆ ಆಧಾರ.

ಈ ಹಾದಿಯಲ್ಲಿ ಎಲ್ಲೋ ಒಂದು ಕಡೆ ರಾಜಿಯ ಮಾತು ಬಂದೇ ಬರುತ್ತದೆ. ಸಾದಾ ಗಾಯದ ಕೇಸನ್ನು ಗಾಯಗೊಂಡವರು ಕೋರ್ಟಿನಲ್ಲೇ ರಾಜಿ ಮಾಡಿಕೊಳ್ಳಬಹುದು. ಅಪಾಯಕಾರಿ ಆಯುಧದಿಂದ ಗಾಯ ಮಾಡಿದ ಕಲಮು (ನ್ಯಾಯ ಸಂಹಿತೆಯ 118) ಇದ್ದರೆ ಹಾಗಾಗದು, ಕೇಸು ರದ್ದು ಮಾಡಲು ಹೈಕೋರ್ಟಿಗೆ ಸುರಕ್ಷಾ ಸಂಹಿತೆಯ 528ರ ಅಡಿ ಹೋಗಬೇಕು. ಠಾಣೆಯಲ್ಲಿ "ತಪ್ಪಾಯಿತು, ಇನ್ನು ಹೀಗೆ ಮಾಡುವುದಿಲ್ಲ" ಎಂಬ ಮುಚ್ಚಳಿಕೆಗೆ ಸಹಿ ಕೇಳಿದರೆ, ಅದರ ಬದಲು ಇಬ್ಬರೂ ತಮ್ಮ ದೂರು ಮುಂದುವರಿಸುವುದಿಲ್ಲ ಎಂಬ ಜಂಟಿ ಬರಹ ಕೊಡಿ, ಅದರಲ್ಲಿ ತಪ್ಪೊಪ್ಪಿಗೆಯ ಒಂದು ಪದವೂ ಇರದಂತೆ ನೋಡಿ, ಸಹಿಯಾದ ಪ್ರತಿಯೊಂದನ್ನು ಕೈಯಲ್ಲಿ ಹಿಡಿದೇ ಹೊರಗೆ ಬನ್ನಿ.