ಪಟ್ಟಿ ಹತ್ತಿರದಿಂದಲೇ ಶುರುವಾಗಲಿ

ನಲವತ್ತೈದು ದಾಟಿದವರು ನೋಡಲೇಬೇಕಾದ ಜಾಗಗಳ ಪಟ್ಟಿ ಮಾಡುವಾಗ ದೂರದ ಊರುಗಳನ್ನೇ ಬರೆಯುತ್ತೇವೆ, ಅಲ್ವಾ? ಮೊದಲು ಒಂದೇ ದಿನದಲ್ಲಿ ಹೋಗಿಬರುವಂಥ ಹಳೆಯ ಕೋಟೆ, ಸೇತುವೆ, ಶಾಸನಗಳನ್ನು ಬರೆದುಕೊಳ್ಳಿ. ಮೆಟ್ಟಿಲು ಜಾಸ್ತಿ ಇರುವ ಜಾಗ ಪಟ್ಟಿಯಲ್ಲಿ ಮೇಲಿರಲಿ. ಮಂಡಿ ಗಟ್ಟಿ ಇರುವಾಗಲೇ ಅವನ್ನು ನೋಡಿ ಮುಗಿಸಬೇಕು.

ಶಾಸನ ನೋಡಲು ಬೆಳಗ್ಗೆ ಬೇಗ ಅಥವಾ ಸಂಜೆ ಹೋಗಿ. ಓರೆ ಬಿಸಿಲಿಗೆ ಸವೆದ ಅಕ್ಷರಗಳೂ ನೆರಳು ಮೂಡಿ ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಅದೇ ಕಲ್ಲು ಸಪಾಟಾಗಿ ಕಾಣುತ್ತದೆ. ಮೋಡವಿದ್ದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ಸಾಕು. ಅಕ್ಷರ ಕಾಣಲೆಂದು ಸೀಮೆಸುಣ್ಣ ಮಾತ್ರ ಉಜ್ಜಬೇಡಿ, ದಯವಿಟ್ಟು. ಕಲ್ಲು ಹಾಳಾಗುತ್ತದೆ.

ಎಷ್ಟೋ ಮ್ಯೂಸಿಯಂಗಳಿಗೆ ಸೋಮವಾರ ರಜೆ. ವಿಚಾರಿಸಿಯೇ ಹೊರಡಿ. ಏಪ್ರಿಲ್ 18 ಸ್ಮಾರಕಗಳ ಅಂತರರಾಷ್ಟ್ರೀಯ ದಿನ. ಮೊದಲ ಜಾಗಕ್ಕೆ ಆ ದಿನವನ್ನೇ ಗುರುತು ಹಾಕಿಕೊಳ್ಳಿ.