ಕಸ ಅಂತ ಬಿಸಾಕಿದ ಜಾಗದಲ್ಲೇ ಉತ್ತರ ಇತ್ತು: ನನ್ನ ಅನುಭವ

ಯೂಯಿಂಗ್ ಸಾರ್ಕೋಮಾ ಅಪರೂಪದ ಮೂಳೆ ಕ್ಯಾನ್ಸರ್. ಬರುವುದು ಜಾಸ್ತಿ ಹದಿಹರೆಯದವರಿಗೆ. 11 ಮತ್ತು 22ನೇ ಕ್ರೋಮೋಸೋಮ್‌ಗಳು ತುಂಡಾಗಿ ಅದಲು ಬದಲಾಗಿ ಅಂಟಿಕೊಂಡರೆ ಎರಡು ಜೀನ್ ಸೇರಿ ಇಡಬ್ಲ್ಯೂಎಸ್-ಫ್ಲೈ1 ಎಂಬ ಹೊಸ ಪ್ರೋಟೀನ್ ಹುಟ್ಟುತ್ತದೆ. ಇದು 1992ರಿಂದಲೇ ಗೊತ್ತು. ಆ ಪ್ರೋಟೀನ್ ಡಿಎನ್‌ಎ ಮೇಲೆ ಎಲ್ಲೆಲ್ಲಿ ಹೋಗಿ ಕೂರುತ್ತದೆ ಅಂತ ಹುಡುಕುವುದು ನನ್ನ ಕೆಲಸ.

ಆಂಟಿಬಾಡಿಯಿಂದ ಪ್ರೋಟೀನನ್ನು ಹಿಡಿದು ಅದು ಕೂತಿದ್ದ ಡಿಎನ್‌ಎ ತುಂಡುಗಳನ್ನು ಓದಿಸುವುದಕ್ಕೆ ಚಿಪ್-ಸೀಕ್ ಅನ್ನುತ್ತಾರೆ. ಅದನ್ನು ಎ673 ಎಂಬ ಕೋಶಗಳಲ್ಲಿ ಮಾಡಿದೆ. ಹದಿನೈದು ವರ್ಷದ ಹುಡುಗಿಯೊಬ್ಬಳ ಗೆಡ್ಡೆಯಿಂದ ಬೆಳೆಸಿದ ಕೋಶಗಳವು. ಎನ್‌ಆರ್‌0ಬಿ1 ಜೀನ್ ಹತ್ತಿರ ಈ ಪ್ರೋಟೀನ್ ಕೂರುವುದು ಮೊದಲೇ ಗೊತ್ತಿದ್ದದ್ದು. ಅಲ್ಲಿ ಪೀಕ್, ಅಂದರೆ ರೀಡ್‌ಗಳ (ಓದಿದ ಡಿಎನ್‌ಎ ತುಂಡುಗಳ) ಗುಡ್ಡ ಬರಲೇಬೇಕಿತ್ತು, ಬರಲಿಲ್ಲ. ಆಂಟಿಬಾಡಿ ಸರಿಯಿಲ್ಲ ಅಂದುಕೊಂಡು ಎರಡು ವಾರ ಕಳೆದೆ. ಕೊನೆಗೆ ಫಿಲ್ಟರ್ ಮಾಡುವ ಮುಂಚಿನ ಫೈಲನ್ನು ಐಜಿವಿಯಲ್ಲಿ (ರೀಡ್‌ಗಳನ್ನು ಜೀನೋಮ್ ಮೇಲೆ ಚಿತ್ರವಾಗಿ ತೋರಿಸುವ ಸಾಫ್ಟ್‌ವೇರ್) ತೆರೆದು ನೋಡಿದರೆ ರೀಡ್‌ಗಳು ಅಲ್ಲೇ ರಾಶಿ ಬಿದ್ದಿದ್ದವು! ಎಷ್ಟೋ ರೀಡ್‌ಗಳು ಬಣ್ಣವಿಲ್ಲದೆ ಬರೀ ಗೆರೆಯಾಗಿ ಕಾಣುತ್ತಿದ್ದವು. ಅಂದರೆ ರೀಡ್ ಇದೇ ಜಾಗದ್ದು ಅನ್ನುವ ಭರವಸೆಯ ಅಂಕ, ಮ್ಯಾಪಿಂಗ್ ಸ್ಕೋರ್, ಸೊನ್ನೆ. ಅಲ್ಲಿರುವುದು ಜಿಜಿಎಎ ಜಿಜಿಎಎ ಅಂತ ಮತ್ತೆ ಮತ್ತೆ ಬರುವ ಅಕ್ಷರಗಳು, ಚಿಕ್ಕ ರೀಡ್ ಯಾವ ಜಾಗದ್ದು ಅಂತ ಸಾಫ್ಟ್‌ವೇರ್‌ಗೆ ತಿಳಿಯುವುದಿಲ್ಲ, ಹಾಗಾಗಿ 30ಕ್ಕಿಂತ ಕಡಿಮೆ ಸ್ಕೋರ್ ಇದ್ದದ್ದನ್ನು ತೆಗೆಯಲು ನಾನೇ ಹಾಕಿದ್ದ ಫಿಲ್ಟರ್ ಅವನ್ನೆಲ್ಲ ಬಿಸಾಕಿತ್ತು. ಮುಂದಿನ ಸಲ ಪೇರ್ಡ್-ಎಂಡ್ 150ರಲ್ಲಿ, ಅಂದರೆ ಪ್ರತಿ ತುಂಡನ್ನು ಎರಡೂ ತುದಿಯಿಂದ 150 ಅಕ್ಷರ, ಓದಿಸಿದೆ. ಜೋಡಿಯಲ್ಲಿ ಒಂದು ರೀಡ್ ಪಕ್ಕದ ಮಾಮೂಲಿ ಡಿಎನ್‌ಎಯಲ್ಲಿ ಗಟ್ಟಿಯಾಗಿ ಕೂತಿದ್ದರೆ ಇನ್ನೊಂದನ್ನೂ ಉಳಿಸಿಕೊಂಡೆ. ಪೀಕ್ ಎದ್ದು ನಿಂತಿತು.

ಮಾಮೂಲಿ ಫ್ಲೈ1 ಪ್ರೋಟೀನಿಗೆ ಒಂದು ಜಿಜಿಎಎ ಸಾಕು. ಕೂಡಿಕೊಂಡ ಪ್ರೋಟೀನ್ ಮಾತ್ರ ಸಾಲು ಸಾಲು ಜಿಜಿಎಎ ಮೇಲೂ ಕೂತು, ಮುಚ್ಚಿದ್ದ ಕ್ರೊಮ್ಯಾಟಿನ್ (ಪ್ರೋಟೀನ್ ಜೊತೆ ಸುತ್ತಿಟ್ಟ ಡಿಎನ್‌ಎ) ತೆರೆಸಿ, ಸುಮ್ನೆ ಬಿದ್ದಿದ್ದ ಜಾಗವನ್ನು ಜೀನ್ ಹೊತ್ತಿಸುವ ಸ್ವಿಚ್ ಮಾಡಿಬಿಡುತ್ತದೆ. ಅದೇ ಜಾಗವನ್ನು ಇಲಿಯ ಜೀನೋಮ್‌ನಲ್ಲಿ ಹುಡುಕಿದೆ. ಆ ಸಾಲು ಅಲ್ಲಿ ಇಲ್ಲ. ಇಂಥ ಸಾಲುಗಳು ತಲೆಮಾರಿನಿಂದ ತಲೆಮಾರಿಗೆ ಬೇಗ ಉದ್ದವಾಗುತ್ತವೆ, ಗಿಡ್ಡವಾಗುತ್ತವೆ. ಈ ಕ್ಯಾನ್ಸರನ್ನು ಇಲಿಯಲ್ಲಿ ತರಿಸುವುದು ಕಷ್ಟ ಅನ್ನುವುದಕ್ಕೆ ಇದೂ ಒಂದು ಕಾರಣ ಅಂತ ನನಗನಿಸುತ್ತದೆ.

ಮನುಷ್ಯರಲ್ಲೂ ವ್ಯತ್ಯಾಸ ಇದೆ. ಇಜಿಆರ್2 ಎಂಬ ಜೀನ್ ಹತ್ತಿರ ಕೆಲವರಿಗೆ ಸಾಲಿನ ಮಧ್ಯೆ ಒಂದು ಜಿಜಿಎಟಿ ಇರುತ್ತದೆ. ಆ ಟಿ ಬದಲು ಎ ಇದ್ದವರಲ್ಲಿ ಎರಡು ಸಾಲು ಕೂಡಿ ಒಂದೇ ಉದ್ದ ಸಾಲಾಗುತ್ತದೆ, ಅಪಾಯವೂ ಹೆಚ್ಚುತ್ತದೆ. 2015ರಲ್ಲಿ ಗೊತ್ತಾದ ವಿಷಯ. ಒಂದೇ ಅಕ್ಷರ, ಅಲ್ವಾ! ಓದಿದ ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಈಗ ನ್ಯಾನೋಪೋರ್ ಎಂಬ ಡಿಎನ್‌ಎ ಓದುವ ತಂತ್ರದ ಉದ್ದ ರೀಡ್‌ಗಳಲ್ಲಿ ಒಂದೊಂದು ಮಾದರಿಯ ಜಿಜಿಎಎಗಳನ್ನೂ ಎಣಿಸುತ್ತಿದ್ದೇನೆ. ಪಿಸಿಆರ್, ಅಂದರೆ ಡಿಎನ್‌ಎಯ ಕಾಪಿಗಳನ್ನು ತೆಗೆಯುವ ಕೆಲಸ, ಮಾಡುವುದಿಲ್ಲ. ಮಾಡಿದರೆ ಕಾಪಿಯಾಗುವಾಗಲೇ ಒಂದೆರಡು ಜಿಜಿಎಎ ಜಾರಿಹೋಗುತ್ತವೆ, ಎಣಿಕೆ ತಪ್ಪುತ್ತದೆ.